ರಾಫ್ಟಿಂಗ್ ಟಿಪ್ಪಣಿ: ಗೈಡ್ ಹಾಗೆ ಕೂಗುವುದು ಯಾಕೆ?

ಕೊಡಗಿನ ಬರಪೊಳೆ ನದಿಗೆ ರಾಫ್ಟಿಂಗ್ (ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ, ಅಂದರೆ ರಾಫ್ಟ್‌ನಲ್ಲಿ, ರಭಸದ ನೀರಿನ ಪಯಣ) ಹೋಗುವವರು ಮೊದಲು ಕೇಳುವುದು "ಈಜು ಬರಬೇಕಾ?" ಅಂತ. ಬಂದರೆ ಒಳ್ಳೆಯದೇ. ಆದರೆ ಈಜುಕೊಳದಲ್ಲಿ ಕಲಿತದ್ದು ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ದೋಣಿ ಹತ್ತುವ ಮುಂಚೆ ದಡದಲ್ಲಿ ಗೈಡ್ ಹೇಳಿಕೊಡುವ ಮಾತುಗಳೇ ಜಾಸ್ತಿ ಮುಖ್ಯ. ಅವನ್ನು ಸುಮ್ನೆ ಬಾಯಿಪಾಠ ಮಾಡಿದರೆ ಮೊದಲ ಅಲೆ ಮುಖಕ್ಕೆ ಹೊಡೆದ ತಕ್ಷಣ ಮರೆತು ಹೋಗುತ್ತವೆ. ಕಾರಣ ಗೊತ್ತಿದ್ದರೆ ನೆನಪಿರುತ್ತವೆ.

ಮೊದಲು ನದಿಯ ವಿಷಯ. ಬರಪೊಳೆ ಮಳೆ ನಂಬಿದ ನದಿ, ದಕ್ಷಿಣ ಕೊಡಗಿನ ಬೆಟ್ಟಗಳಿಂದ ಇಳಿದು ಕೇರಳದ ವಳಪಟ್ಟಣಂ ನದಿಯನ್ನು ಸೇರುತ್ತದೆ. ಹಾಗಾಗಿ ಇಲ್ಲಿ ಸೀಸನ್ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ತನಕ. ದಾಂಡೇಲಿ ಕಡೆಯ ಕಾಳಿಯಲ್ಲಿ ಸೂಪಾ ಅಣೆಕಟ್ಟಿನಿಂದ ನೀರು ಬಿಡುವುದರ ಮೇಲೆ ಆಟ ನಿಂತಿದೆ. ಋಷಿಕೇಶದಲ್ಲಿ ಇನ್ನೂ ಬೇರೆ, ಅಲ್ಲಿ ಮಳೆಗಾಲ ಬಂದರೆ ರಾಫ್ಟಿಂಗನ್ನೇ ನಿಲ್ಲಿಸುತ್ತಾರೆ. ರ‍್ಯಾಪಿಡ್‌ಗಳನ್ನು, ಅಂದರೆ ನೀರು ರಭಸದಿಂದ ನುಗ್ಗುವ ಜಾಗಗಳನ್ನು, ಕಷ್ಟಕ್ಕೆ ತಕ್ಕಂತೆ 1ರಿಂದ 6ರವರೆಗೆ ಗ್ರೇಡ್ ಮಾಡುತ್ತಾರೆ, 6 ಅಂದರೆ ನಮ್ಮಂಥವರು ದೂರ ಇರಬೇಕಾದದ್ದು. ಬರಪೊಳೆಯ ಮೇಲಿನ ಭಾಗದಲ್ಲಿ 4ರವರೆಗೆ ಸಿಗುತ್ತವೆ. ಈ ನಂಬರ್ ಕಲ್ಲಿನಲ್ಲಿ ಕೆತ್ತಿದ್ದಲ್ಲ, ನೀರು ಏರಿದರೆ ಅದೇ ಜಾಗದ ಗ್ರೇಡೂ ಬದಲಾಗುತ್ತದೆ.

ಈಗ ನೀರು. ಬಂಡೆಯ ಮೇಲಿಂದ ಧುಮುಕಿದ ನೀರು ತಳಕ್ಕೆ ಹೋಗುತ್ತದೆ, ಆದರೆ ಮೇಲ್ಭಾಗದ ನೊರೆನೀರು ಮಾತ್ರ ತಿರುಗಿ ಬಂಡೆಯ ಕಡೆಗೇ ಬರುತ್ತದೆ. ಇದಕ್ಕೆ ಹೋಲ್ ಅನ್ನುತ್ತಾರೆ. ನಿಧಾನವಾಗಿ ಹೋದ ರಾಫ್ಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆದರಿ ಪ್ಯಾಡಲ್ ಎತ್ತಿಕೊಂಡು ಕೂರಬೇಕು ಅನ್ನಿಸುವ ಆ ಹೊತ್ತಿಗೇ ಗೈಡ್ "ಫಾರ್ವರ್ಡ್! ಫಾರ್ವರ್ಡ್!" ಅಂತ ಗಂಟಲು ಹರಿದುಕೊಳ್ಳುವುದು ಇದಕ್ಕೇ. ಇನ್ನೊಂದು ಲಾಭವೂ ಇದೆ: ನೀರಿನಲ್ಲಿ ಇಳಿದಿರುವ ಪ್ಯಾಡಲ್ ನಿಮಗೆ ಆಧಾರ ಕೊಡುತ್ತದೆ, ಗಾಳಿಯಲ್ಲಿರುವುದು ಏನೂ ಕೊಡುವುದಿಲ್ಲ. ಪ್ಯಾಡಲಿನ ತುದಿಯ ಹಿಡಿಯಿಂದ ಮಾತ್ರ ಕೈ ತೆಗೆಯಬೇಡಿ, ಅದು ತಪ್ಪಿದರೆ ಪಕ್ಕದವರ ಹಲ್ಲಿಗೇ ಹೋಗುವುದು.

ಗೈಡ್ ಕೂಗುವ "ಹೈ ಸೈಡ್" (ಮೇಲೆದ್ದ ಅಂಚಿನ ಕಡೆಗೆ ಹೋಗಿ) ಅನ್ನುವುದು ಎಲ್ಲರಿಗೂ ಉಲ್ಟಾ ಅನ್ನಿಸುತ್ತದೆ. ರಾಫ್ಟ್ ಅಡ್ಡಲಾಗಿ ಬಂಡೆಗೆ ಒತ್ತಿಕೊಂಡಾಗ ನಾವು ಸಹಜವಾಗಿ ಬಂಡೆಯಿಂದ ದೂರ ಸರಿಯುತ್ತೇವೆ, ಅಲ್ವಾ? ಆಗ ಹರಿವು ಬರುವ ಕಡೆಯ ಅಂಚು ಭಾರಕ್ಕೆ ಕುಸಿದು, ಅದರ ಮೇಲೆ ನೀರು ನುಗ್ಗಿ ರಾಫ್ಟ್ ಮಗುಚುತ್ತದೆ. ಅದಕ್ಕೇ ಎಲ್ಲರೂ ಬಂಡೆಯ ಕಡೆಗೇ ಹಾರಬೇಕು.

ಬಿದ್ದರೆ? ಅಂಗಾತ ಮಲಗಿ, ಕಾಲು ಹರಿವಿನ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ ಕಾಣಬೇಕು. ಬಂಡೆ ಬಂದರೆ ಕಾಲಿನಿಂದ ತಳ್ಳಬಹುದು. ಎದ್ದು ನಿಲ್ಲುವುದು ಮಾತ್ರ ಬೇಡವೇ ಬೇಡ, ಮೊಣಕಾಲು ಮಟ್ಟದ ನೀರಾದರೂ ಸರಿ. ಪಾದ ಕಲ್ಲುಗಳ ಸಂದಿಗೆ ಸಿಕ್ಕಿಕೊಂಡರೆ ಹರಿವು ಬೆನ್ನಿಗೆ ಒತ್ತಿ ಮುಂದಕ್ಕೆ ಬೀಳಿಸುತ್ತದೆ, ಆಮೇಲೆ ತಲೆ ಎತ್ತಲು ಬಿಡುವುದಿಲ್ಲ. ನೀರಿನ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಅನ್ನುವುದನ್ನು ನೆನಪಿಡಿ. ಅಂಗಾತ ಮಲಗಬೇಕು ಅನ್ನುವುದಕ್ಕೆ ಒಂದೇ ಅಪವಾದ, ಹೊಳೆಗೆ ಅಡ್ಡ ಬಿದ್ದ ಮರ. ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ತಪ್ಪಿಸಿಕೊಳ್ಳಲು ಆಗಲೇ ಇಲ್ಲ ಅಂದರೆ ಬೋರಲಾಗಿ ತಿರುಗಿ, ತಲೆ ಮುಂದೆ ಮಾಡಿ ಜೋರಾಗಿ ಈಜಿ ಮರದ ಮೇಲೆ ಹತ್ತಬೇಕು.

ನಿಮ್ಮನ್ನು ಎಳೆದುಕೊಳ್ಳಲು ಹಗ್ಗ ಎಸೆದರೆ ಹಗ್ಗ ಹಿಡಿಯಿರಿ, ಅದನ್ನು ತುಂಬಿಟ್ಟಿರುವ ಚೀಲವನ್ನಲ್ಲ. ಕೈಗೆ ಸುತ್ತಿಕೊಳ್ಳಬೇಡಿ, ಬೇಕಾದಾಗ ಬಿಡಲು ಬರಬೇಕು.

ಲೈಫ್ ಜಾಕೆಟ್ ಹಾಕಿಕೊಂಡು, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಗೆಳೆಯರಿಗೆ ಹೇಳಿ. ಕಿವಿವರೆಗೆ ಬಂತಾ? ಹಾಗಾದರೆ ಸಡಿಲ. ಉಸಿರಾಡಲು ಸ್ವಲ್ಪ ಬಿಗಿ ಅನ್ನಿಸಿದರೂ ಪರವಾಗಿಲ್ಲ.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ: ಜೀನ್ಸ್ ಬೇಡ, ಬೇಗ ಒಣಗುವ ಬಟ್ಟೆ ಸಾಕು, ಹವಾಯಿ ಚಪ್ಪಲಿ ಬಿಟ್ಟು ಕಾಲಿಗೆ ಕಚ್ಚಿ ನಿಲ್ಲುವ ಶೂ ಹಾಕಿ, ಕನ್ನಡಕಕ್ಕೆ ದಾರ ಕಟ್ಟಿ. ಕೊಡಗಿನ ಮಳೆಗಾಲ ಅಂದಮೇಲೆ ಜಿಗಣೆಗಳೂ ಇರುತ್ತವೆ, ಬಿಡಿ. ಆಸ್ತಮಾ, ಫಿಟ್ಸ್, ಹೃದಯದ ತೊಂದರೆ, ಹಿಂದೆ ಜಾರಿದ ಭುಜ, ಇಂಥದ್ದೇನಾದರೂ ಇದ್ದರೆ ಫಾರ್ಮ್‌ನಲ್ಲಿ ಮುಚ್ಚಿಡದೆ ಗೈಡ್‌ಗೆ ಬಾಯಿಬಿಟ್ಟು ಹೇಳಿ. ಹಿಂದಿನ ರಾತ್ರಿ ಜೋರು ಮಳೆ ಸುರಿದು ಗೈಡ್ "ಇವತ್ತು ಬೇಡ" ಅಂದರೆ ವಾದಕ್ಕೆ ಇಳಿಯಬೇಡಿ. ಹಾಗಾದಾಗ ದುಡ್ಡು ವಾಪಸ್ ಬರುತ್ತದೋ, ಬೇರೆ ದಿನ ಕೊಡುತ್ತಾರೋ ಅನ್ನುವುದನ್ನು ಬುಕ್ ಮಾಡುವಾಗಲೇ ಕೇಳಿಕೊಂಡಿರಿ.