ತಾರೀಕು, ಗಂಟೆ, ಟೈಮ್ ಝೋನ್: ಕ್ವೆರಿಯಲ್ಲಿ ಮೂರನ್ನೂ ಸೇರಿಸೋದು ಹೇಗೆ?

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದು ಕಾಫಿ ವ್ಯಾಪಾರ. ಲಂಡನ್ ರೊಬಸ್ಟಾ ರೇಟನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬರೆದಿಡುತ್ತೇವೆ. ತಾರೀಕು ಒಂದು ಕಾಲಮ್, ಗಂಟೆ ಇನ್ನೊಂದು ಕಾಲಮ್. ಟೈಮ್ ಝೋನ್ ಸಮೇತ ಒಂದೇ ಮಾಡೋದು ಹೇಗೆ?

ಮಡಿಕೇರಿಯ ಹೋಂಸ್ಟೇ ಬುಕಿಂಗ್ ಬರೆಯುವವರೂ ಇದನ್ನೇ ಪದೇ ಪದೇ ಕೇಳುತ್ತಾರೆ. ಉತ್ತರ ಚಿಕ್ಕದು. ತಾರೀಕಿಗೆ ಗಂಟೆ ಕೂಡಿಸಿ, ಬ್ರಾಕೆಟ್ ಹಾಕಿ, ಬ್ರಾಕೆಟ್ ಮುಗಿದ ಮೇಲೆ ಅಟ್ ಟೈಮ್ ಝೋನ್ 'ಯುರೋಪ್/ಲಂಡನ್' ಅಂತ ಬರೆಯಿರಿ. ವರ್ಷ, ತಿಂಗಳು, ದಿನ ಬಿಡಿ ಬಿಡಿ ಅಂಕಿಗಳಾಗಿದ್ದರೆ ಮೇಕ್_ಟೈಮ್‌ಸ್ಟ್ಯಾಂಪ್‌ಟಿಝಡ್ ಫಂಕ್ಷನ್ ಇದೆ. ಸೆಕೆಂಡಿನವರೆಗೆ ಆರು ಅಂಕಿ ಕೊಟ್ಟು, ಏಳನೆಯದಾಗಿ ಝೋನ್ ಹೆಸರು ಕೊಡಿ. ಆ ಏಳನೆಯದನ್ನು ಬಿಟ್ಟರೆ ನಿಮ್ಮ ಸೆಷನ್ (ಡೇಟಾಬೇಸ್ ಜೊತೆಗಿನ ಆ ಹೊತ್ತಿನ ಸಂಪರ್ಕ) ಯಾವ ಝೋನಿನಲ್ಲಿದೆಯೋ ಅದನ್ನೇ ಹಿಡಿಯುತ್ತದೆ. ಬಿಡಬೇಡಿ.

ಹೀಗೆ ಕೂಡಿಸಿದ್ದನ್ನು ಇಡುವ ಕಾಲಮ್‌ನ ಬಗೆಗೆ ಟೈಮ್‌ಸ್ಟ್ಯಾಂಪ್‌ಟಿಝಡ್ ಅಂತ ಹೆಸರು, ಅಂದರೆ ಝೋನ್ ಸಮೇತದ ಸಮಯ. ಇಷ್ಟು ಹೇಳಿದ ಕೂಡಲೇ ಮುಂದಿನ ಮಾತು ಬಂದೇ ಬರುತ್ತದೆ: 'ಟೈಮ್‌ಸ್ಟ್ಯಾಂಪ್‌ಟಿಝಡ್ ಕಾಲಮ್ ಅಲ್ವಾ, ಲಂಡನ್ ಅನ್ನೋದೂ ಒಳಗೇ ಉಳಿದಿರುತ್ತೆ.' ಉಳಿದಿರುವುದಿಲ್ಲ! ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಝೋನ್ ಇಲ್ಲದ ಟೈಮ್‌ಸ್ಟ್ಯಾಂಪ್ ಕಾಲಮ್‌ಗೆ 8 ಬೈಟ್. ಟೈಮ್‌ಸ್ಟ್ಯಾಂಪ್‌ಟಿಝಡ್‌ಗೂ ಅದೇ 8 ಬೈಟ್. ಝೋನ್ ಹೆಸರು ಇಡೋಕೆ ಜಾಗ ಎಲ್ಲಿದೆ? ನೀವು ಕೊಟ್ಟ ಝೋನನ್ನು ಪೋಸ್ಟ್‌ಗ್ರೆಸ್ ಲೆಕ್ಕಕ್ಕೆ ಮಾತ್ರ ಬಳಸುತ್ತದೆ. ಸಮಯವನ್ನು ಯುಟಿಸಿಗೆ (ಎಲ್ಲ ಝೋನ್‌ಗಳಿಗೂ ಅಳತೆಗೋಲಾದ ವಿಶ್ವ ಸಮಯ) ತಿರುಗಿಸಿ ಇಟ್ಟ ಮೇಲೆ ಹೆಸರನ್ನು ಬಿಟ್ಟುಬಿಡುತ್ತದೆ. ತೋರಿಸುವಾಗ ಸೆಷನ್ನಿನ ಝೋನಿಗೆ ತಕ್ಕಂತೆ ತೋರಿಸುತ್ತದೆ.

ನೀವೇ ಮಾಡಿ ನೋಡಿ. 2025ರ ಜನವರಿ 15, ಸಂಜೆ 5:30, ಯುರೋಪ್/ಲಂಡನ್ ಅಂತ ಒಂದು ಸಾಲು ಹಾಕಿ. ಅದೇ ದಿನ ರಾತ್ರಿ 11:00, ಏಷ್ಯಾ/ಕೋಲ್ಕತಾ ಅಂತ ಇನ್ನೊಂದು. ಎರಡೂ ಸಮವೇ ಅಂತ ಕೇಳಿದರೆ ಹೌದು ಅನ್ನುತ್ತದೆ. ಯಾವುದು ಲಂಡನ್ನಿಂದ ಬಂತು, ಯಾವುದು ಕುಶಾಲನಗರದಿಂದ ಬಂತು ಅನ್ನೋದನ್ನು ಇನ್ನು ಯಾರೂ ಕಂಡುಹಿಡಿಯಲಾರರು. ಆ ವಿಷಯ ಬೇಕೇ ಬೇಕು ಅಂದರೆ ಝೋನ್ ಹೆಸರಿಗೆ ಬೇರೆ ಟೆಕ್ಸ್ಟ್ ಕಾಲಮ್ ಇಡಿ.

ಈಗ ಲಂಡನ್ನಿನ ಜುಲೈ 15ರ ಸಂಜೆ 5:30 ಹಾಕಿ. ನಮ್ಮಲ್ಲಿ ರಾತ್ರಿ 10:00. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಕೈಯಾರೆ ಐದೂವರೆ ಗಂಟೆ ಕೂಡಿಸುವವರು ಅರ್ಧಕ್ಕಿಂತ ಜಾಸ್ತಿ ವರ್ಷ ತಪ್ಪು ಬರೆಯುತ್ತಾರೆ. ಬೆಳೆಗಾರರ ದುಡ್ಡಿನ ಲೆಕ್ಕ ಇದು. ಝೋನ್ ಹೆಸರನ್ನೇ ಕೊಡಿ.

ಭಾರತದ ಸಮಯಕ್ಕೆ 'ಐಎಸ್‌ಟಿ' ಅಂತ ಚುಟುಕಾಗಿಯೂ ಬರೆಯಬೇಡಿ. ಸೆಟ್ಟಿಂಗ್ ಬದಲಿಸದ ಪೋಸ್ಟ್‌ಗ್ರೆಸ್‌ನಲ್ಲಿ, ಸೆಷನ್ ಯುಟಿಸಿಯಲ್ಲಿದ್ದರೆ, ಅದು ಇಸ್ರೇಲ್ ಸಮಯ, ಯುಟಿಸಿಗಿಂತ ಬರೀ ಎರಡು ಗಂಟೆ ಮುಂದೆ. ಎರರ್ ಕೂಡ ಬರೋದಿಲ್ಲ, ಸುಮ್ನೆ ಮೂರೂವರೆ ಗಂಟೆ ವ್ಯತ್ಯಾಸ ಆಗಿಬಿಡುತ್ತದೆ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಬಂದವರು ಬೆಳಗಿನ 5:00ಕ್ಕೆ ಮಡಿಕೇರಿಯಲ್ಲಿ ಚೆಕ್-ಇನ್ ಮಾಡುತ್ತಾರೆ. ಯುಟಿಸಿಯಲ್ಲಿ ಅದು ಹಿಂದಿನ ದಿನದ ರಾತ್ರಿ 11:30. ಸೆಷನ್ ಯುಟಿಸಿಯಲ್ಲಿದ್ದು ನೇರ ತಾರೀಕಿಗೆ ತಿರುಗಿಸಿದರೆ ಆ ಅತಿಥಿ ನಿನ್ನೆಯ ಲೆಕ್ಕಕ್ಕೆ ಸೇರುತ್ತಾರೆ. ಮೊದಲು ಅಟ್ ಟೈಮ್ ಝೋನ್ 'ಏಷ್ಯಾ/ಕೋಲ್ಕತಾ', ಆಮೇಲೆ ತಾರೀಕು. ಒಂದೇ ದಿನದ ಸಾಲು ಹುಡುಕೋದಾದರೆ ಕಾಲಮನ್ನು ತಾರೀಕಿಗೆ ತಿರುಗಿಸಲೇಬೇಡಿ. ನಮ್ಮ ನಡುರಾತ್ರಿಯಿಂದ ಮರುದಿನದ ನಡುರಾತ್ರಿಯ ತನಕ ಎರಡು ಅಂಚುಗಳನ್ನು ಮೇಲಿನ ಹಾಗೇ ಕಟ್ಟಿಕೊಳ್ಳಿ. ಮೊದಲ ಅಂಚನ್ನು ಸೇರಿಸಿ, ಎರಡನೆಯದನ್ನು ಬಿಡಿ. ಆಗ ಆ ಕಾಲಮ್ ಮೇಲಿನ ಇಂಡೆಕ್ಸ್ (ಬೇಗ ಹುಡುಕೋಕೆ ಮಾಡಿಟ್ಟ ಸೂಚಿ) ಕೂಡ ಕೆಲಸಕ್ಕೆ ಬರುತ್ತದೆ.