ಬಡ ಖಜಾನೆಯಿಂದ ಹೊರಟ ಹಡಗುಗಳು

ಪದವಿ ತರಗತಿಯ ಇತಿಹಾಸದ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಒಂದು ವಾಕ್ಯ ಪ್ರತಿ ವರ್ಷವೂ ಎದುರಾಗುತ್ತದೆ: 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲನ್ನು ಗೆದ್ದು ಸಂಬಾರ ಪದಾರ್ಥಗಳ ದಾರಿಯನ್ನು ಮುಚ್ಚಿದ್ದರಿಂದ ಯುರೋಪಿಯನ್ನರು ಸಮುದ್ರಮಾರ್ಗವನ್ನು ಹುಡುಕಿದರು. ವಿದ್ಯಾರ್ಥಿ ಕಲಿತದ್ದನ್ನೇ ಬರೆದಿರುವುದರಿಂದ ಅಂಕ ಕೊಡುತ್ತೇನೆ. ಆದರೆ ಇಸವಿಗಳು ಈ ವಾದವನ್ನು ಒಪ್ಪುವುದಿಲ್ಲ. ಪೋರ್ಚುಗೀಸರು ಉತ್ತರ ಆಫ್ರಿಕದ ಸ್ಯೂಟಾ ಪಟ್ಟಣವನ್ನು ಹಿಡಿದದ್ದು 1415ರಲ್ಲಿ, ಅವರ ನಾವಿಕ ಗಿಲ್ ಎಯಾನೆಸ್ ಆಫ್ರಿಕದ ಪಶ್ಚಿಮ ಕರಾವಳಿಯ ಬೊಜಡೋರ್ ಭೂಶಿರವನ್ನು ದಾಟಿದ್ದು 1434ರಲ್ಲಿ. 1453ರ ನಂತರವೂ ವೆನಿಸಿನ ವರ್ತಕರು ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕ ಸುಲ್ತಾನರ ಅಲೆಕ್ಸಾಂಡ್ರಿಯಾ ಬಂದರಿನಲ್ಲಿ ಕರಿಮೆಣಸನ್ನು ಕೊಳ್ಳುತ್ತಲೇ ಇದ್ದರು. ಈಜಿಪ್ಟು ತುರ್ಕರ ವಶವಾದದ್ದು 1517ರಲ್ಲಿ. ಅಷ್ಟು ಹೊತ್ತಿಗೆ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದು ಹತ್ತೊಂಬತ್ತು ವರ್ಷಗಳಾಗಿದ್ದವು.

ಪೋರ್ಚುಗಲ್ಲನ್ನು ಕಡಲಿಗಿಳಿಸಿದ್ದು ಮೊದಲಿಗೆ ಮೆಣಸಲ್ಲ, ಚಿನ್ನ. 14ನೇ ಶತಮಾನದ ಕೊನೆಯಿಂದ ಹಲವು ದಶಕಗಳ ಕಾಲ ಚಿನ್ನದ ನಾಣ್ಯವನ್ನೇ ಹೊಡೆಯಲಾಗದಷ್ಟು ಬಡವಾಗಿದ್ದ ಆ ರಾಜ್ಯಕ್ಕೆ, ಸಹಾರಾದ ಆಚೆಯಿಂದ ಒಂಟೆಗಳ ಮೇಲೆ ಬರುತ್ತಿದ್ದ ಚಿನ್ನವನ್ನು ಅದರ ಮೂಲದಲ್ಲೇ ಹಡಗಿಗೆ ತುಂಬಿಕೊಳ್ಳುವ ಆಸೆ ಹುಟ್ಟಿದ್ದು ಸಹಜವೇ. ಧರ್ಮಯುದ್ಧದ ಹುಮ್ಮಸ್ಸೂ ಸುಳ್ಳಲ್ಲ. ರಾಜಕುಮಾರ ಹೆನ್ರಿಯ ಯಾನಗಳಿಗೆ ಹಣ ಬಂದದ್ದು ಅವನ ಆಡಳಿತದಲ್ಲಿದ್ದ ಕ್ರಿಸ್ತನ ಪಂಥವೆಂಬ ಯೋಧ ಸಂಘದ ಆದಾಯದಿಂದ. ಆದರೆ 1444ರಲ್ಲಿ ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ ಆಫ್ರಿಕದಿಂದ ಹಿಡಿದು ತಂದ 235 ಜನರನ್ನು ಹಂಚಿಕೊಂಡಾಗ, ಇದೇ ಹೆನ್ರಿ ಕುದುರೆಯ ಮೇಲೆ ಕುಳಿತು ತನ್ನ ಐದನೇ ಒಂದು ಪಾಲನ್ನು ಎಣಿಸಿಕೊಂಡ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1469ರ ಒಂದು ಕರಾರು. ನಮ್ಮಲ್ಲಿ ಹೆಂಡದ ಗುತ್ತಿಗೆ ಕೊಡುತ್ತಿದ್ದಂತೆ, ದೊರೆ ಐದನೇ ಅಫೋನ್ಸೊ ಪಶ್ಚಿಮ ಆಫ್ರಿಕದ ಗಿನಿ ಕರಾವಳಿಯ ವ್ಯಾಪಾರವನ್ನು ಲಿಸ್ಬನ್ನಿನ ವರ್ತಕ ಫೆರ್ನಾವ್ ಗೋಮೆಸ್‌ಗೆ ಐದು ವರ್ಷಗಳಿಗೆ ವಹಿಸಿದ. ವರ್ಷಕ್ಕೆ 2,00,000 ರೇಯಿಸ್ (ಆಗಿನ ಪೋರ್ಚುಗೀಸ್ ಹಣ) ಕಟ್ಟಬೇಕು. ಜೊತೆಗೆ ವರ್ಷಕ್ಕೆ 100 ಲೀಗ್, ಎಂದರೆ ಸುಮಾರು 600 ಕಿಲೋಮೀಟರ್ ಹೊಸ ಕರಾವಳಿಯನ್ನು ಶೋಧಿಸಬೇಕು. ದೊರೆಗೆ ಖರ್ಚಿಲ್ಲದೆ ಭೂಪಟ ಬೆಳೆಯಿತು. 1471ರಲ್ಲಿ ಗೋಮೆಸನ ಜನರಿಗೆ ಚಿನ್ನದ ವ್ಯಾಪಾರ ನಡೆಯುವ ತೀರ ಸಿಕ್ಕಿತು, 1482ರಲ್ಲಿ ಅಲ್ಲಿ ಎಲ್ಮಿನಾ ಕೋಟೆ ಎದ್ದಿತು.

ಇಷ್ಟಾದರೂ 1498ರಲ್ಲಿ ಗಾಮಾ ಕಲ್ಲಿಕೋಟೆಯ ದೊರೆ ಜಾಮೊರಿನ್‌ಗೆಂದು ಅಣಿಗೊಳಿಸಿದ ಕಾಣಿಕೆಯಲ್ಲಿದ್ದದ್ದು ಬಟ್ಟೆ, ಆರು ಟೋಪಿ, ಕೈತೊಳೆಯುವ ಆರು ಬೋಗುಣಿ, ಸಕ್ಕರೆ, ಎಣ್ಣೆ, ಜೇನು. ಅದನ್ನು ಕಂಡು ಅಧಿಕಾರಿಗಳು ನಕ್ಕರೆಂದೂ, ಮೆಕ್ಕಾದಿಂದ ಬರುವ ಅತಿ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ, ಅರಸನಿಗೆ ಕೊಡುವುದಾದರೆ ಚಿನ್ನ ಕೊಡಿ ಎಂದರೆಂದೂ ಆ ಪಯಣದ ದಿನಚರಿಯಲ್ಲೇ ದಾಖಲಾಗಿದೆ.