ಒಳ್ಳೆಯ ಕೆಲಸಗಾರ ಸೂಪರ್‌ವೈಸರ್ ಆದ ಮೇಲೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಆಟೊ ನಗರಗಳ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಬಡ್ತಿ ಬಹುತೇಕ ಒಂದೇ ರೀತಿಯಲ್ಲಿ ಸಿಗುತ್ತದೆ. ಯಂತ್ರದ ಮೇಲೆ ಕೈ ಕುದುರಿದವನು, ರಜೆ ಕಡಿಮೆ ಹಾಕುವವನು, ಹೇಳಿದ ಮಾತಿಗೆ ಎದುರಾಡದವನು ಯಾರೆಂದು ನೋಡಿ ಅವನನ್ನು ಕರೆದು ‘ನಾಳೆಯಿಂದ ಈ ಪಾಳಿ ನೀನೇ ನೋಡಿಕೊ’ ಎನ್ನುತ್ತಾರೆ. ಸಂಬಳದಲ್ಲಿ ಒಂದಿಷ್ಟು ಏರಿಕೆ, ಕೈಗೊಂದು ಹಾಜರಿ ಪುಸ್ತಕ, ಅಷ್ಟೇ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ತರಬೇತಿ ಕೊಡುವ ನಮ್ಮಂಥವರಿಗೆ ಕರೆ ಬರುತ್ತದೆ: ‘ಕೆಲಸ ಚೆನ್ನಾಗಿ ಗೊತ್ತು, ಆದರೆ ಜನರನ್ನು ಹಿಡಿದು ನಡೆಸುವುದು ಅವನಿಗೆ ಬರುವುದಿಲ್ಲ.’

ಈ ದೂರು ಸುಳ್ಳಲ್ಲ. ಜನರಿಂದ ಕೆಲಸ ಮಾಡಿಸುವುದು ಬೇರೆಯೇ ಕಸುಬು, ಅದನ್ನು ಅವನಿಗೆ ಯಾರೂ ಕಲಿಸಿಲ್ಲ. ಕಲಿತವನಿಗೂ ಅದನ್ನು ನಡೆಸಲು ಬಿಡುವುದಿಲ್ಲ ಎಂಬುದು ದೂರಿನಲ್ಲಿ ಸೇರದೆ ಉಳಿದ ಇನ್ನೊಂದು ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಹೊಸ ಸೂಪರ್‌ವೈಸರ್ ಎಡವುವುದು ತನ್ನ ಕೌಶಲದಿಂದಲೇ. ತಿರಸ್ಕೃತ ಮಾಲು ಹೆಚ್ಚಾದ ದಿನ ಅವನು ಆಪರೇಟರನ ಕೈಯಿಂದ ಗೇಜ್ ಕಸಿದುಕೊಂಡು ತಾನೇ ಅಳೆಯುತ್ತಾನೆ, ತಾನೇ ಯಂತ್ರದ ಆಫ್‌ಸೆಟ್ (ಕತ್ತರಿಸುವ ಉಪಕರಣದ ಸ್ಥಾನದ ಹೊಂದಾಣಿಕೆ) ಬದಲಿಸುತ್ತಾನೆ, ತಾನೇ ಹತ್ತು ಮಾಲು ತೆಗೆದು ತೋರಿಸುತ್ತಾನೆ. ಆ ಹುಡುಗ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಅಂದಿನ ಉತ್ಪಾದನೆ ಉಳಿಯಿತು, ಮರುದಿನ ಅದೇ ತಪ್ಪು ಮತ್ತೆ ಆಗುತ್ತದೆ. ಹಗಲೆಲ್ಲ ಓಡಾಡಿ ಸುಸ್ತಾದ ಸೂಪರ್‌ವೈಸರ್ ‘ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾನೆ.

ಕಲಿಸುವುದಕ್ಕೆ ಒಂದು ಕ್ರಮವಿದೆ, ಅದು ಹಳೆಯದು ಮತ್ತು ಪರೀಕ್ಷೆಗೆ ನಿಂತದ್ದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳಿಗೆ ಏನೂ ಅರಿಯದ ಹೊಸಬರು ಲಕ್ಷಗಟ್ಟಲೆ ಬಂದು ಸೇರಿದಾಗ, 1940ರಿಂದ 1945ರವರೆಗೆ ಅಲ್ಲಿನ ಸರ್ಕಾರ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಕಾರ್ಯಕ್ರಮ ನಡೆಸಿತು. ಹತ್ತು ಲಕ್ಷಕ್ಕೂ ಹೆಚ್ಚು ಮೇಲ್ವಿಚಾರಕರು ಅದರಲ್ಲಿ ತರಬೇತಿ ಪಡೆದರು. ಯುದ್ಧದ ನಂತರ ಅದು ಜಪಾನಿಗೆ ಹೋಯಿತು, ಟೊಯೋಟಾ ಅದನ್ನು ತನ್ನದಾಗಿಸಿಕೊಂಡಿತು. ಕೆಲಸ ಕಲಿಸುವ ಭಾಗಕ್ಕೆ ತಗಲುತ್ತಿದ್ದದ್ದು ಒಟ್ಟು 10 ಗಂಟೆ, ತಲಾ ಎರಡು ಗಂಟೆಯ ಐದು ಬೈಠಕ್. ಅದರ ಹೆಜ್ಜೆಗಳು ನಾಲ್ಕು: ಕಲಿಯುವವನನ್ನು ಅಣಿಗೊಳಿಸು, ಕೆಲಸವನ್ನು ಮಾಡಿ ತೋರಿಸು, ಅವನಿಂದ ಮಾಡಿಸಿ ನೋಡು, ಆಮೇಲೆ ಬೆನ್ನು ಹತ್ತಿ ವಿಚಾರಿಸುತ್ತಿರು. ಓದಲು ಸುಲಭ. ಮೂರನೆಯ ಹೆಜ್ಜೆಯನ್ನು ನಮ್ಮಲ್ಲಿ ಹೆಚ್ಚಿನವರು ದಾಟಿಕೊಂಡು ಹೋಗುತ್ತಾರೆ.

ರಂಧ್ರದ ಒಳವ್ಯಾಸ ಅಳೆಯುವ ಬೋರ್ ಗೇಜನ್ನೇ ತೆಗೆದುಕೊಳ್ಳಿ. ಖಾನಾಪುರ ತಾಲ್ಲೂಕಿನ ಹಳ್ಳಿಯಿಂದ ಬಂದ ಐಟಿಐ ಹುಡುಗನಿಗೆ ‘ಗೇಜ್ ಹಾಕಿ ನೋಡು’ ಎಂದರೆ ಅವನು ಒಳಗೆ ಇಳಿಸಿ, ಮುಳ್ಳು ಎಲ್ಲಿ ನಿಂತಿತೋ ಅದನ್ನೇ ಬರೆದುಕೊಳ್ಳುತ್ತಾನೆ. ಮೊದಲು ನಿಖರ ಅಳತೆಯ ಮಾಸ್ಟರ್ ರಿಂಗಿನಲ್ಲಿ ಸೊನ್ನೆಗೆ ಹೊಂದಿಸಬೇಕು. ಆಮೇಲೆ ರಂಧ್ರದೊಳಗೆ ಗೇಜನ್ನು ಅತ್ತಿತ್ತ ಮೆಲ್ಲಗೆ ತೂಗಬೇಕು. ಮುಳ್ಳು ಹೋಗಿ ಹಿಂದಿರುಗುವ ಬಿಂದುವಿನ ಕನಿಷ್ಠ ಅಳತೆಯೇ ನಿಜವಾದ ವ್ಯಾಸ, ಏಕೆಂದರೆ ಗೇಜ್ ಓರೆಯಾದಷ್ಟೂ ಅಳತೆ ಹೆಚ್ಚಾಗಿ ಕಾಣುತ್ತದೆ. ಈ ‘ಏಕೆಂದರೆ’ಯನ್ನು ಸೇರಿಸಿ ಹೇಳುವ ಸೂಪರ್‌ವೈಸರ್ ಬಹಳ ಅಪರೂಪ. ಹೇಳಿದ ನಂತರ ಹುಡುಗನ ಕೈಗೆ ಗೇಜ್ ಕೊಟ್ಟು, ಅವನು ಮಾಡುತ್ತ ಮಾಡುತ್ತ ಕಾರಣವನ್ನೂ ತನ್ನ ಬಾಯಿಂದಲೇ ಹೇಳುವಂತೆ ಮಾಡಬೇಕು. ಅವನು ಹೇಳುವಾಗ ನಡುವೆ ಬಾಯಿ ಹಾಕದಿರುವುದು ಅತ್ಯಂತ ಕಷ್ಟದ ಅಭ್ಯಾಸ. ನಾನು ತರಬೇತಿಯಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಸಮಯ ಕೊಡುವುದು ಇದಕ್ಕೇ. ಹದಿನೈದು ನಿಮಿಷದ ಈ ತಾಳ್ಮೆ ಮುಂದಿನ ತಿಂಗಳುಗಳ ಕೂಗಾಟವನ್ನು ಉಳಿಸುತ್ತದೆ.

ಕೂಗಾಟದ ಬೆಲೆ ಏನೆಂಬುದು ಎರಕದ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಸುಲಭವಾಗಿ ಒಡೆಯದ ಡಕ್ಟೈಲ್ ಕಬ್ಬಿಣ ಎರೆಯುವಾಗ ದ್ರವ ಲೋಹಕ್ಕೆ ಮೆಗ್ನೀಸಿಯಂ ಬೆರೆಸುತ್ತಾರೆ. ಗ್ರಾಫೈಟ್ ಗುಂಡಗಿನ ಕಣಗಳಾಗಿ ಬೆಳೆದು ಎರಕಕ್ಕೆ ಗಟ್ಟಿತನ ಬರುವುದು ಅದರಿಂದ. ಆದರೆ ಬೆರೆಸಿದ ಕ್ಷಣದಿಂದಲೇ ಮೆಗ್ನೀಸಿಯಂ ಪ್ರಮಾಣ ಇಳಿಯತೊಡಗುತ್ತದೆ. ಸುಮಾರು ಹತ್ತು ನಿಮಿಷದೊಳಗೆ ಅಚ್ಚಿಗೆ ಸುರಿದು ಮುಗಿಸಬೇಕು. ರಾತ್ರಿ ಪಾಳಿಯಲ್ಲಿ ಕ್ರೇನ್ ಒಂದಷ್ಟು ಹೊತ್ತು ನಿಂತುಬಿಡುತ್ತದೆ ಎಂದುಕೊಳ್ಳಿ. ಕರಗಿದ ಲೋಹ ತುಂಬಿದ ಪಾತ್ರೆ, ಅಂದರೆ ಲೇಡಲ್, ಕಾಯುತ್ತದೆ. ಸುರಿಯುವವನಿಗೆ ಹೊತ್ತು ಮೀರಿದ್ದು ಗೊತ್ತು. ಹೇಳಿದರೆ ಇಡೀ ಲೋಹವನ್ನು ಪಿಗ್ ಹಾಕಬೇಕು (ಅಚ್ಚಿಗೆ ಎರೆಯದೆ, ಮತ್ತೆ ಕರಗಿಸಲು ಗಟ್ಟಿಗಳಾಗಿ ಸುರಿದಿಡಬೇಕು), ಸೂಪರ್‌ವೈಸರ್ ಎಲ್ಲರ ಎದುರು ಬೈಯುತ್ತಾನೆ, ಬೆಳಿಗ್ಗೆ ಮಾಲೀಕರ ಮುಂದೆ ತನ್ನ ಹೆಸರು ಬರುತ್ತದೆ. ಅವನು ಸುಮ್ಮನೆ ಸುರಿಯುತ್ತಾನೆ. ಎರಕ ಹೊರನೋಟಕ್ಕೆ ಸುಂದರವಾಗಿಯೇ ಬರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಅಥವಾ ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಿದಾಗ ಮಾತ್ರ ದೋಷ ಬಯಲಾಗುತ್ತದೆ. ಅಲ್ಲಿ ತಪ್ಪಿಸಿಕೊಂಡರೆ ಪುಣೆ ಅಥವಾ ಚೆನ್ನೈನ ಗ್ರಾಹಕರ ಕೈಯಲ್ಲಿ.

ಇಂಥದ್ದಾದಾಗ ‘ಕೆಲಸಗಾರರಿಗೆ ಜವಾಬ್ದಾರಿ ಇಲ್ಲ’ ಎಂಬ ಮಾತು ಮೊದಲು ಬರುತ್ತದೆ. ನನ್ನ ಅನುಭವದಲ್ಲಿ ಅವನಿಗೆ ಜವಾಬ್ದಾರಿ ಇತ್ತು, ಧೈರ್ಯ ಇರಲಿಲ್ಲ. ಆ ಧೈರ್ಯವನ್ನು ಕೊಡಬೇಕಾದವನು ಸೂಪರ್‌ವೈಸರ್, ಹಿಂದಿನ ಸಲ ಕೆಟ್ಟ ಸುದ್ದಿ ತಂದವನೊಡನೆ ನಡೆದುಕೊಂಡ ರೀತಿಯಿಂದ. ಲೇಡಲ್ ತಡವಾಯಿತೆಂದು ಬಂದು ಹೇಳಿದವನಿಗೆ ಮೊದಲು ‘ಹೇಳಿದ್ದು ಒಳ್ಳೆಯದಾಯಿತು’ ಎನ್ನಬೇಕು, ಲೋಹವನ್ನು ಪಿಗ್ ಹಾಕಿಸಬೇಕು, ಕ್ರೇನಿನ ಕಥೆಯನ್ನು ಆಮೇಲೆ ವಿಚಾರಿಸಬೇಕು. ಈ ಅನುಕ್ರಮ ತಿರುಗುಮುರುಗಾದರೆ ಆ ಪಾಳಿಯಲ್ಲಿ ಇನ್ನು ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಬೇಕೆಂದೇ ಅಡ್ಡದಾರಿ ಹಿಡಿಯುವವನು, ಎಚ್ಚರಿಕೆ ಕೊಟ್ಟ ಮೇಲೂ ಹೆಲ್ಮೆಟ್ ಕನ್ನಡಕ ತೆಗೆದಿಡುವವನು ಇದ್ದೇ ಇರುತ್ತಾನೆ. ಅವನಿಗೆ ಖಡಕ್ಕಾಗಿಯೇ ಹೇಳಬೇಕು, ಆದರೆ ಪಕ್ಕಕ್ಕೆ ಕರೆದು.

ನಮ್ಮ ಊರಿನ ಪಾಳಿಗಳಿಗೆ ಇನ್ನೊಂದು ಗುಣವಿದೆ. ಒಂದೇ ಸಾಲಿನಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನವರು ನಿಂತಿರುತ್ತಾರೆ, ಎರಕದ ವಿಭಾಗದಲ್ಲಿ ಬಿಹಾರ, ಒಡಿಶಾದಿಂದ ಬಂದವರೂ ಇರುತ್ತಾರೆ. ಬೆಳಗಾವಿಯ ಜನರಿಗೆ ಮೂರು ಭಾಷೆ ಆಡುವುದು ದೊಡ್ಡ ವಿಷಯವಲ್ಲ, ಹಾಗಾಗಿ ಸಂವಹನ ಅಷ್ಟಾಗಿ ಕೆಡುವುದಿಲ್ಲ. ಕೆಡುವುದು ಓವರ್‌ಟೈಮ್ ಹಂಚಿಕೆಯಲ್ಲಿ. ಕಾನೂನಿನ ಪ್ರಕಾರ ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿ ಸಿಗಬೇಕು, ಆದ್ದರಿಂದ ಅದು ಯಾರಿಗೆ ಸಿಕ್ಕಿತು ಎಂಬುದನ್ನು ಎಲ್ಲರೂ ಗಮನಿಸುತ್ತಾರೆ. ಸೂಪರ್‌ವೈಸರ್ ತನ್ನ ಊರಿನವನಿಗೆ, ತನ್ನ ಭಾಷೆಯವನಿಗೆ, ಜೊತೆಗೆ ಊಟದ ಡಬ್ಬಿ ಬಿಚ್ಚುವವನಿಗೆ ಎರಡು ಸಲ ಹೆಚ್ಚು ಕೊಟ್ಟನೆಂದರೆ ಸಾಕು, ಅವನ ಉಳಿದ ಮಾತುಗಳಿಗೆ ಬೆಲೆ ಹೋಗುತ್ತದೆ. ಇದಕ್ಕೆ ದೊಡ್ಡ ಉಪದೇಶ ಬೇಕಿಲ್ಲ. ಸರದಿಯ ಪಟ್ಟಿಯನ್ನು ಫಲಕದ ಮೇಲೆ ಬರೆದು ಹಾಕಿ, ಬದಲಾದರೆ ಕಾರಣವನ್ನೂ ಅಲ್ಲೇ ಬರೆಯಿರಿ.

ರಜೆಯದೂ ಹಾಗೆಯೇ. ನಮ್ಮ ಕೆಲಸಗಾರರಲ್ಲಿ ಎಷ್ಟೋ ಮಂದಿಗೆ ಊರಲ್ಲಿ ಒಂದೆರಡು ಎಕರೆ ಹೊಲವಿದೆ. ಜೂನ್‌ನಲ್ಲಿ ಮಳೆ ಬಿದ್ದ ಮರುದಿನ ಬಿತ್ತನೆಗೆ ಹೋಗುವವನನ್ನು ಯಾವ ಕಾರ್ಖಾನೆಯ ನಿಯಮವೂ ತಡೆಯದು. ಸವದತ್ತಿ ಯಲ್ಲಮ್ಮನ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು, ನಗರದ ಗಣೇಶೋತ್ಸವ ಯಾವ ದಿನ ಬರುತ್ತವೆಂಬುದು ಪಂಚಾಂಗದಲ್ಲೇ ಇದೆ. ಆದರೂ ಪ್ರತಿ ವರ್ಷ ಆ ವಾರ ಯಂತ್ರಗಳು ಖಾಲಿ ನಿಲ್ಲುತ್ತವೆ, ಪ್ರತಿ ವರ್ಷ ಗದರಾಟ ನಡೆಯುತ್ತದೆ. ತಿಂಗಳು ಮೊದಲೇ ಪಾಳಿಯವರನ್ನೆಲ್ಲ ಕೂರಿಸಿ ‘ಯಾರಿಗೆ ಯಾವ ದಿನ ಬೇಕು’ ಎಂದು ಕೇಳುವ ಒಬ್ಬ ಸೂಪರ್‌ವೈಸರ್ ನನಗೆ ಗೊತ್ತು. ಅವನ ಪಾಳಿಯವರು ದಿನಗಳನ್ನು ತಮ್ಮೊಳಗೇ ಹೊಂದಿಸಿಕೊಳ್ಳುತ್ತಾರೆ. ಹೋದವರು ಹೇಳಿದ ದಿನಕ್ಕೆ ಹಿಂದಿರುಗುತ್ತಾರೆ, ಏಕೆಂದರೆ ತಮಗಾಗಿ ಯಾರು ಎರಡು ಯಂತ್ರ ನೋಡಿಕೊಳ್ಳುತ್ತಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ.

ಈಗ ಮಾಲೀಕರ ವಿಷಯ. ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚಿನವು ಕುಟುಂಬದವು. ಯಜಮಾನರು ಲೇಥಿನ ಮುಂದೆ ನಿಂತೇ ಮೇಲೆ ಬಂದವರು, ಪ್ರತಿ ಕೆಲಸಗಾರನ ಹೆಸರು, ಮನೆ, ಮಕ್ಕಳ ಶಾಲೆ ಬಲ್ಲವರು. ಅದು ದೊಡ್ಡ ಆಸ್ತಿ. ಆದರೆ ಅದೇ ಸಲಿಗೆಯಿಂದ ಅವರು ಯಂತ್ರದ ಬಳಿ ಹೋಗಿ ‘ಇದನ್ನು ಬಿಡು, ಆ ಮಾಲು ಹಚ್ಚು’ ಎಂದು ನೇರ ಹೇಳಿಬಿಡುತ್ತಾರೆ. ಸೂಪರ್‌ವೈಸರ್ ಇಲ್ಲವೆಂದ ರಜೆಯನ್ನು ಮೊಬೈಲ್‌ನಲ್ಲೇ ಮಂಜೂರು ಮಾಡುತ್ತಾರೆ. ಅಷ್ಟಾದ ಮೇಲೆ ಕೆಲಸಗಾರರು ಸೂಪರ್‌ವೈಸರನನ್ನು ಏಕೆ ಕೇಳಬೇಕು? ಅವನು ಕ್ರಮೇಣ ಸುದ್ದಿ ಒಯ್ಯುವವನಾಗಿ ಉಳಿಯುತ್ತಾನೆ. ಆ ಸ್ಥಿತಿಯಲ್ಲಿ ಎಂಥ ತರಬೇತಿ ಕೊಟ್ಟರೂ ವ್ಯರ್ಥ ಎಂದು ನಾನು ಮಾಲೀಕರಿಗೆ ಮುಖಕ್ಕೆ ಹೇಳುತ್ತೇನೆ, ಕೆಲವರಿಗೆ ಬೇಸರವಾಗುತ್ತದೆ.

ಅವರಲ್ಲಿ ನಾನು ಕೇಳಿಕೊಳ್ಳುವುದು ಮೂರು ಅಧಿಕಾರ. ಒಂದೆರಡು ದಿನದ ರಜೆಯ ತೀರ್ಮಾನ ಸೂಪರ್‌ವೈಸರನದು. ಪಾಳಿಯೊಳಗೆ ಯಾರು ಯಾವ ಯಂತ್ರ ನೋಡಬೇಕೆಂಬುದು ಅವನದು. ಗುಣಮಟ್ಟ ಅನುಮಾನವೆನಿಸಿದರೆ ಯಂತ್ರ ನಿಲ್ಲಿಸುವುದೂ ಅವನದು, ಅದಕ್ಕಾಗಿ ಯಾರಿಗೂ ಫೋನ್ ಮಾಡಬೇಕಿಲ್ಲ. ತೀರ್ಮಾನ ತಪ್ಪಾದರೆ ಕ್ಯಾಬಿನ್ನಿಗೆ ಕರೆದು ಮಾತಾಡಿ, ಪಾಳಿಯ ಎದುರು ತಿರುಗಿಸಬೇಡಿ. ಮೂರನೆಯದನ್ನು ಬಿಟ್ಟುಕೊಡಲು ಮಾಲೀಕರು ಅತಿ ಹೆಚ್ಚು ಹಿಂಜರಿಯುತ್ತಾರೆ, ವಾಯಿದೆಯ ಮಾಲು ಕಣ್ಣ ಮುಂದಿರುತ್ತದೆ. ಡಕ್ಟೈಲ್ ಎರಕದ ಮಾತನ್ನು ನಾನು ಅವರ ಮುಂದೆ ಎತ್ತುವುದು ಆಗಲೇ.

ಇದೆಲ್ಲವನ್ನೂ ಹೋಟೆಲ್ಲಿನ ಸಭಾಂಗಣದಲ್ಲಿ ಎರಡು ದಿನ ಕೂರಿಸಿ ಕಲಿಸಲಾಗದು. ವಾರಕ್ಕೊಮ್ಮೆ ಅರ್ಧ ಗಂಟೆ ಮಾಲೀಕರೋ ವ್ಯವಸ್ಥಾಪಕರೋ ಸೂಪರ್‌ವೈಸರನೊಂದಿಗೆ ಕೂತು, ಉತ್ಪಾದನೆಯ ಅಂಕಿಗಳನ್ನು ಬದಿಗಿಟ್ಟು, ಜನರ ಬಗ್ಗೆಯೇ ಮಾತಾಡಲಿ: ಈ ವಾರ ಯಾರಿಗೆ ಏನು ಕಲಿಸಿದೆ, ಯಾರು ಮಂಕಾಗಿದ್ದಾರೆ, ಯಾರ ಒಳ್ಳೆಯ ಕೆಲಸವನ್ನು ಯಾರೂ ಗಮನಿಸಲಿಲ್ಲ. ಬಡ್ತಿ ಕೊಡುವ ಮೊದಲು, ಈಗಿನ ಸೂಪರ್‌ವೈಸರ್ ರಜೆಯಲ್ಲಿದ್ದಾಗ ಪಾಳಿಯನ್ನು ಬಡ್ತಿ ಪಡೆಯಬೇಕಾದವನ ಕೈಗೆ ಕೊಟ್ಟು ನೋಡಲಿ. ತಪಾಸಣೆ ಮತ್ತು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ವಿಭಾಗಗಳಲ್ಲಿ ಡಿಪ್ಲೊಮಾ ಮುಗಿಸಿದ ಹೆಣ್ಣುಮಕ್ಕಳು ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ. ಆ ಅವಕಾಶದ ಪಟ್ಟಿಯಲ್ಲಿ ಅವರ ಹೆಸರೂ ಇರಲಿ.

ಎಲ್ಲಕ್ಕೂ ಮೊದಲು, ಬಡ್ತಿ ಬೇಕೇ ಎಂದು ಆ ಕೆಲಸಗಾರನನ್ನೇ ಕೇಳಿ. ಯಂತ್ರದ ಜೊತೆಗಿರುವುದೇ ಇಷ್ಟ, ಜನರ ತಂಟೆ ಬೇಡ ಎನ್ನುವ ಉತ್ತಮ ಕುಶಲಕರ್ಮಿಗಳು ಬಹಳ ಜನ ಇದ್ದಾರೆ. ಸಂಬಳ ಏರಲು ಬೇರೆ ದಾರಿ ಇಲ್ಲವೆಂದು ಮಾತ್ರ ಅವರು ಹಾಜರಿ ಪುಸ್ತಕ ಹಿಡಿಯುತ್ತಾರೆ. ಅಂಥವರಿಗೆ ಸೂಪರ್‌ವೈಸರನಷ್ಟೇ ಸಂಬಳದ ಹಿರಿಯ ಕುಶಲಕರ್ಮಿ ದರ್ಜೆಯೊಂದನ್ನು ತೆರೆದು, ಹೊಸಬರಿಗೆ ಗೇಜ್ ಹಿಡಿಯುವುದನ್ನು ಕಲಿಸುವ ಹೊಣೆಯನ್ನು ಅವರಿಗೇ ವಹಿಸಬಹುದು.